ಕೋಬಾಲ್: ಇಂಗ್ಲಿಷಿನಂತೆ ಕಾಣುವ ಭಾಷೆಯ ವ್ಯಾಕರಣ

ಗಣಕಯಂತ್ರವು ನಿಜವಾಗಿ ಬಲ್ಲ ಲಿಪಿಯಲ್ಲಿ ಎರಡೇ ಚಿಹ್ನೆಗಳಿವೆ: ಸೊನ್ನೆ ಮತ್ತು ಒಂದು. ಎರಡು ಸಂಖ್ಯೆಗಳನ್ನು ಕೂಡಿಸಬೇಕಾದರೂ, ಒಂದು ಹೆಸರನ್ನು ಅಚ್ಚು ಹಾಕಬೇಕಾದರೂ, ಆ ಅಪ್ಪಣೆಯು ಕಟ್ಟಕಡೆಗೆ ಇಂಥ ಚಿಹ್ನೆಗಳ ಸಾಲಾಗಿಯೇ ಯಂತ್ರವನ್ನು ಮುಟ್ಟಬೇಕು. ಮೊದಮೊದಲಿನ ಯಂತ್ರಗಳನ್ನು ನಡೆಸುತ್ತಿದ್ದವರು ಸಂಕೇತ ಸಂಖ್ಯೆಗಳನ್ನು ಬಾಯಿಪಾಠ ಮಾಡಿ, ಅವುಗಳಲ್ಲಿಯೇ ಅಪ್ಪಣೆಗಳನ್ನು ಬರೆಯುತ್ತಿದ್ದರು. ಒಬ್ಬರು ಬರೆದುದನ್ನು ಇನ್ನೊಬ್ಬರು ಓದಿ ತಿಳಿಯುವುದು ದುಸ್ಸಾಧ್ಯವಾಗಿತ್ತು. ಬರೆದವರೇ ಆರು ತಿಂಗಳ ಮೇಲೆ ನೋಡಿದರೂ ತಡಕಾಡಬೇಕಾಗುತ್ತಿತ್ತು.

ಈ ತೊಡಕಿನಿಂದ ಬಿಡುಗಡೆ ಪಡೆಯಲು ಮನುಷ್ಯರು ಓದಬಲ್ಲ ಹಲವು ಕೃತಕ ಭಾಷೆಗಳು ಹುಟ್ಟಿದವು. ಅವುಗಳಲ್ಲಿ ಸಾಮಾನ್ಯ ಇಂಗ್ಲಿಷ್ ವಾಕ್ಯಗಳಂತೆ ಓದಿಸಿಕೊಂಡು ಹೋಗಬೇಕೆಂಬ ಉದ್ದೇಶದಿಂದಲೇ ರೂಪುಗೊಂಡ ಭಾಷೆ ಕೋಬಾಲ್. ಅದರ ವಾಕ್ಯರಚನೆಯ ಮೂಲ ನಿಯಮಗಳನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ಇಂಗ್ಲಿಷಿನ ವೇಷ ತೊಟ್ಟ ಈ ವಾಕ್ಯಗಳನ್ನು ಇಂಗ್ಲಿಷೆಂದೇ ನಂಬಿದರೆ ಲೆಕ್ಕ ಎಲ್ಲಿ ತಪ್ಪುವುದೆಂಬುದನ್ನೂ ಜೊತೆಯಲ್ಲಿಯೇ ನೋಡುವುದು ಅವಶ್ಯ. ಏಕೆಂದರೆ ಇಂಥ ವಾಕ್ಯಗಳು ಲೆಕ್ಕ ಹಾಕುವುದು ಜನರ ಸಂಬಳವನ್ನು, ಬ್ಯಾಂಕಿನ ಉಳಿತಾಯವನ್ನು, ನಿವೃತ್ತಿ ವೇತನವನ್ನು.

ಹುಟ್ಟಿದ ಬಗೆ

ಅಮೆರಿಕದ ಗಣಿತಜ್ಞೆ, ನೌಕಾದಳದ ಅಧಿಕಾರಿಣಿ ಗ್ರೇಸ್ ಹಾಪರ್ ಅವರು 1952ರಲ್ಲಿ ಎ-0 ಎಂಬ ಕಂಪೈಲರನ್ನು ಸಿದ್ಧಪಡಿಸಿದರು. ಮನುಷ್ಯರಿಗೆ ಅನುಕೂಲವಾದ ರೂಪದಲ್ಲಿ ಬರೆದ ಅಪ್ಪಣೆಗಳನ್ನು ಯಂತ್ರದ ಸಂಕೇತಗಳಿಗೆ ತಾನಾಗಿಯೇ ತಿರುಗಿಸುವ ಕ್ರಮವಿಧಿಗೆ ಕಂಪೈಲರ್ ಎಂದು ಹೆಸರು. ಕ್ರಮವಿಧಿ ಎಂದರೆ ರೂಢಿಯಲ್ಲಿ ಪ್ರೋಗ್ರಾಮ್ ಎಂದು ಕರೆಯುವ ಅಪ್ಪಣೆಗಳ ಸಾಲು. ವಿಜ್ಞಾನಿಗಳಿಗೆ ಬೀಜಗಣಿತದ ಚಿಹ್ನೆಗಳು ಹಿತವಾದರೂ, ಅಂಗಡಿ ಕಚೇರಿಗಳ ಲೆಕ್ಕ ನೋಡುವವರಿಗೆ ನಿತ್ಯದ ಮಾತುಗಳೇ ಹಿತವೆಂದು ಹಾಪರ್ ಕಂಡುಕೊಂಡರು. ಇದರ ಫಲವಾಗಿ ಅವರ ತಂಡವು ಯೂನಿವ್ಯಾಕ್ ಯಂತ್ರಕ್ಕಾಗಿ ಫ್ಲೋ-ಮ್ಯಾಟಿಕ್ ಎಂಬ ಭಾಷೆಯನ್ನು ಕಟ್ಟಿತು. ಅದರ ಅಪ್ಪಣೆಗಳೆಲ್ಲ ಇಂಗ್ಲಿಷ್ ಪದಗಳಾಗಿದ್ದವು.

ಈ ಪ್ರಯತ್ನದ ಸಂದರ್ಭದ ಒಂದು ಸಂಗತಿಯನ್ನು ಹಾಪರ್ ಅವರು ಮುಂದೆ ಅನೇಕ ಉಪನ್ಯಾಸಗಳಲ್ಲಿ ನೆನೆಯುತ್ತಿದ್ದರು. ಇಂಗ್ಲಿಷ್ ಅಪ್ಪಣೆಗಳನ್ನು ಯಂತ್ರವು ಪಾಲಿಸುವುದನ್ನು ತೋರಿಸಿದ ಬಳಿಕ ಅದೇ ಕ್ರಮವಿಧಿಯನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಬರೆದು ಅವರ ತಂಡ ಮೇಲಧಿಕಾರಿಗಳ ಮುಂದಿಟ್ಟಿತು. ಅಮೆರಿಕದ ಯಂತ್ರವೊಂದು ಪರಭಾಷೆಗಳನ್ನು ಅರಿಯುವುದೆಂತು ಎಂದು ಮೇಲಧಿಕಾರಿಗಳು ಗಾಬರಿಗೊಂಡರಂತೆ! ಹಾಪರ್ ತೋರಿಸಲು ಹೊರಟಿದ್ದುದು ಇಷ್ಟೇ: ಯಂತ್ರಕ್ಕೆ ಫ್ರೆಂಚ್ ಹೇಗೆ ತಿಳಿಯದೋ ಇಂಗ್ಲಿಷೂ ಹಾಗೆಯೇ ತಿಳಿಯದು. ಒಂದು ಅಕ್ಷರಗುಚ್ಛ ಕಂಡರೆ ಇಂಥ ಕೆಲಸ ಮಾಡಬೇಕೆಂಬ ಕಟ್ಟಳೆಯೊಂದನ್ನು ನಾವು ಅದಕ್ಕೆ ಒದಗಿಸುತ್ತೇವೆ. ಗುಚ್ಛ ಯಾವ ಭಾಷೆಯದಾದರೇನು? ಈ ಮಾತನ್ನು ಓದುಗರು ಮರೆಯದೆ ಮುಂದೆ ಸಾಗಬೇಕು.

ಆ ಕಾಲದಲ್ಲಿ ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಭಾಷೆ ಇದ್ದಿತು. ಯಂತ್ರವನ್ನು ಬದಲಾಯಿಸಿದರೆ ಕ್ರಮವಿಧಿಗಳನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತಿತ್ತು. ಈ ವ್ಯರ್ಥ ಶ್ರಮವನ್ನು ತಪ್ಪಿಸಲು 1959ರ ಮೇ 28 ಮತ್ತು 29ರಂದು ಅಮೆರಿಕದ ರಕ್ಷಣಾ ಇಲಾಖೆಯ ಪೆಂಟಗನ್ ಕಟ್ಟಡದಲ್ಲಿ ಯಂತ್ರ ತಯಾರಕರೂ ಬಳಕೆದಾರರೂ ಸಭೆ ಸೇರಿದರು. ಅಲ್ಲಿ ಏರ್ಪಟ್ಟ ಸಮಿತಿಯು ಫ್ಲೋ-ಮ್ಯಾಟಿಕ್ ಮತ್ತಿತರ ಭಾಷೆಗಳನ್ನು ಮುಂದಿಟ್ಟುಕೊಂಡು ಎಲ್ಲ ಯಂತ್ರಗಳಿಗೂ ಸಲ್ಲುವ ಒಂದೇ ಭಾಷೆಯನ್ನು ರೂಪಿಸಿತು. ಕಾಮನ್ ಬಿಸಿನೆಸ್ ಓರಿಯೆಂಟೆಡ್ ಲ್ಯಾಂಗ್ವೇಜ್, ಎಂದರೆ ವ್ಯವಹಾರಕ್ಕಾಗಿ ಇರುವ ಸಾಮಾನ್ಯ ಭಾಷೆ, ಎಂಬ ಪದಗಳ ಆದ್ಯಕ್ಷರಗಳಿಂದ ಕೋಬಾಲ್ ಎಂಬ ಹೆಸರು ಬಂದಿತು. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಕ್ರಮವಿಧಿಯು ಬೇರೆ ಬೇರೆ ತಯಾರಕರ ಎರಡು ಯಂತ್ರಗಳಲ್ಲಿ, ಯೂನಿವ್ಯಾಕ್ 2 ಮತ್ತು ಆರ್‌ಸಿಎ 501ರಲ್ಲಿ, ಓಡಿತು. ಮುಂದೆ ಭಾಷೆಗೆ ಅಧಿಕೃತ ಪ್ರಮಾಣಗಳು ಏರ್ಪಟ್ಟವು: ಮೊದಲನೆಯದು 1968ರಲ್ಲಿ, ಬಳಿಕ 1974, 1985, 2002, 2014 ಮತ್ತು 2023ರಲ್ಲಿ.

ನಾಲ್ಕು ವಿಭಾಗಗಳು

ಕೋಬಾಲ್ ಕ್ರಮವಿಧಿಯೊಂದು ಪುಸ್ತಕದಂತೆ ವಿಂಗಡಣೆ ಹೊಂದಿದೆ. ದೊಡ್ಡ ಭಾಗಕ್ಕೆ ಡಿವಿಜನ್ ಎಂದು ಹೆಸರು. ಅದರಲ್ಲಿ ಸೆಕ್ಷನ್, ಸೆಕ್ಷನ್ನಿನಲ್ಲಿ ಪ್ಯಾರಾಗ್ರಾಫ್, ಪ್ಯಾರಾಗ್ರಾಫಿನಲ್ಲಿ ವಾಕ್ಯಗಳು ಇರುತ್ತವೆ. ಡಿವಿಜನ್ನುಗಳು ನಾಲ್ಕು; ಅವುಗಳ ಕ್ರಮ ಎಂದಿಗೂ ಬದಲಾಗದು. ಮೊದಲನೆಯ ಐಡೆಂಟಿಫಿಕೇಶನ್ ಡಿವಿಜನ್ ಕ್ರಮವಿಧಿಯ ಹೆಸರನ್ನು ಹೇಳುವುದು. ಎರಡನೆಯ ಎನ್ವಿರಾನ್‌ಮೆಂಟ್ ಡಿವಿಜನ್ ಯಾವ ಯಂತ್ರ, ಯಾವ ಕಡತ ಎಂಬುದನ್ನು ತಿಳಿಸುವುದು. ಮೂರನೆಯ ಡೇಟಾ ಡಿವಿಜನ್ ಲೆಕ್ಕಕ್ಕೆ ಬೇಕಾದ ಸಾಮಗ್ರಿಯ ಆಕಾರವನ್ನು ವಿವರಿಸುವುದು. ನಾಲ್ಕನೆಯ ಪ್ರೊಸೀಜರ್ ಡಿವಿಜನ್ ಮಾಡಬೇಕಾದ ಕೆಲಸವನ್ನು ವಿಧಿಸುವುದು. ಅಡುಗೆಯ ವಿವರಣೆಯಲ್ಲಿ ಮೊದಲು ತಿನಿಸಿನ ಹೆಸರು, ಆಮೇಲೆ ಒಲೆ ಪಾತ್ರೆಗಳು, ಅನಂತರ ಸಾಮಾನುಗಳ ಪಟ್ಟಿ, ಕೊನೆಗೆ ಮಾಡುವ ವಿಧಾನ ಇರುವುದಿಲ್ಲವೇ? ಇದೂ ಅಂತೆಯೇ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಕಾರ್ಖಾನೆಯಲ್ಲಿ ಗಂಟೆಗೆ 60 ರೂಪಾಯಿ ಕೂಲಿ. ವಾರಕ್ಕೆ 48 ಗಂಟೆಗಳನ್ನು ಮೀರಿ ದುಡಿದರೆ, ಮೀರಿದ ಗಂಟೆಗಳಿಗೆ ಎರಡರಷ್ಟು ದರ. ಇಬ್ಬರು ಕೆಲಸಗಾರರ ವಾರದ ಕೂಲಿಯನ್ನು ಕಂಡುಹಿಡಿಯಬೇಕಾಗಿದೆ. ಕ್ರಮವಿಧಿಯು ಹೀಗಿರುವುದು. ಯಂತ್ರಕ್ಕೆ ಕೊಡುವಾಗ ಇದನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕು. ಇಲ್ಲಿ ಅದರ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ.

ಐಡೆಂಟಿಫಿಕೇಶನ್ ಡಿವಿಜನ್.
ಪ್ರೋಗ್ರಾಮ್-ಐಡಿ. ಕೂಲಿಪಟ್ಟಿ.
ಎನ್ವಿರಾನ್‌ಮೆಂಟ್ ಡಿವಿಜನ್.
ಡೇಟಾ ಡಿವಿಜನ್.
ವರ್ಕಿಂಗ್-ಸ್ಟೋರೇಜ್ ಸೆಕ್ಷನ್.
01 ಗಂಟೆ ಪಿಕ್ಚರ್ 99.
01 ದರ ಪಿಕ್ಚರ್ 99 ವ್ಯಾಲ್ಯೂ 60.
01 ಕೂಲಿ ಪಿಕ್ಚರ್ 99999.
01 ಹೆಚ್ಚು-ಗಂಟೆ ಪಿಕ್ಚರ್ 99.
01 ಹೆಚ್ಚು-ಕೂಲಿ ಪಿಕ್ಚರ್ 9999.
ಪ್ರೊಸೀಜರ್ ಡಿವಿಜನ್.
ಮೊದಲು.
    ಪರ್ಫಾರ್ಮ್ ಲೆಕ್ಕ 2 ಟೈಮ್ಸ್.
    ಸ್ಟಾಪ್ ರನ್.
ಲೆಕ್ಕ.
    ಅಕ್ಸೆಪ್ಟ್ ಗಂಟೆ.
    ಮಲ್ಟಿಪ್ಲೈ ಗಂಟೆ ಬೈ ದರ ಗಿವಿಂಗ್ ಕೂಲಿ.
    ಇಫ್ ಗಂಟೆ ಈಸ್ ಗ್ರೇಟರ್ ದ್ಯಾನ್ 48
        ಸಬ್‌ಟ್ರಾಕ್ಟ್ 48 ಫ್ರಮ್ ಗಂಟೆ ಗಿವಿಂಗ್ ಹೆಚ್ಚು-ಗಂಟೆ
        ಮಲ್ಟಿಪ್ಲೈ ಹೆಚ್ಚು-ಗಂಟೆ ಬೈ ದರ ಗಿವಿಂಗ್ ಹೆಚ್ಚು-ಕೂಲಿ
        ಆಡ್ ಹೆಚ್ಚು-ಕೂಲಿ ಟು ಕೂಲಿ.
    ಡಿಸ್‌ಪ್ಲೇ ಕೂಲಿ.

ಇಂಗ್ಲಿಷ್ ಬಲ್ಲ ಲೆಕ್ಕಪತ್ರದ ಗುಮಾಸ್ತರೊಬ್ಬರು ಗಣಕದ ಪರಿಚಯವೇ ಇಲ್ಲದಿದ್ದರೂ ಇದರ ತಾತ್ಪರ್ಯವನ್ನು ಗ್ರಹಿಸಬಲ್ಲರು. ಗಂಟೆಯನ್ನು ದರದಿಂದ ಗುಣಿಸಿ ಕೂಲಿಯನ್ನು ಪಡೆ, ಗಂಟೆಯು 48ಕ್ಕಿಂತ ಹೆಚ್ಚಾಗಿದ್ದರೆ ಮೀರಿದ ಗಂಟೆಗಳ ಕೂಲಿಯನ್ನು ಇನ್ನೊಮ್ಮೆ ಸೇರಿಸು, ಫಲವನ್ನು ತೋರಿಸು. ಪರ್ಫಾರ್ಮ್ ಎಂಬುದು "ಲೆಕ್ಕ" ಎಂಬ ಪ್ಯಾರಾಗ್ರಾಫನ್ನು ಎರಡು ಸಲ ನಡೆಸೆಂದು ಹೇಳುವುದು. ಅಕ್ಸೆಪ್ಟ್ ಎಂಬುದು ಹೊರಗಿನಿಂದ ಸಂಖ್ಯೆಯನ್ನು ಸ್ವೀಕರಿಸುವುದು. ಸ್ಟಾಪ್ ರನ್ ಎಂಬುದು ಮುಕ್ತಾಯ.

ಪದಗಳಲ್ಲಿ ಎರಡು ಜಾತಿ

ಮೇಲಿನ ಕ್ರಮವಿಧಿಯಲ್ಲಿ ಕನ್ನಡ ಪದಗಳು ಬಂದಿರುವುದು ಓದುಗರ ಗಮನಕ್ಕೆ ಬಂದಿರಬೇಕು. ಇದು ಕೇವಲ ವಿನೋದಕ್ಕಾಗಿ ಮಾಡಿದುದಲ್ಲ. ಕೋಬಾಲಿನಲ್ಲಿ ಪದಗಳು ಎರಡು ಬಗೆ. ಮಲ್ಟಿಪ್ಲೈ, ಬೈ, ಗಿವಿಂಗ್, ಇಫ್ ಮೊದಲಾದುವು ಭಾಷೆಗೇ ಸೇರಿದ ಕಾದಿರಿಸಿದ ಪದಗಳು. 1985ರ ಪ್ರಮಾಣದಲ್ಲಿ ಇಂಥವು ಮುನ್ನೂರಕ್ಕೂ ಹೆಚ್ಚಾಗಿವೆ. ಇವುಗಳಲ್ಲಿ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಗಂಟೆ, ದರ, ಕೂಲಿ ಎಂಬುವು ಬರೆಯುವವರು ಇಟ್ಟ ಹೆಸರುಗಳು. ಇವು ಯಾವ ಭಾಷೆಯ ಪದಗಳಾದರೂ ಆಗಬಹುದು. ಅಕ್ಷರ, ಅಂಕಿ, ನಡುವೆ ಕಿರುಗೆರೆ ಇರಬಹುದು. ಹಳೆಯ ಪ್ರಮಾಣಗಳ ಪ್ರಕಾರ 30 ಅಕ್ಷರಗಳನ್ನು ಮೀರಬಾರದು. ಹೆಸರಿನ ಒಳಗೆ ತೆರಪು ಬಿಡಬಾರದು. ಕಾದಿರಿಸಿದ ಪದವನ್ನು ಹೆಸರಾಗಿ ಬಳಸಲೂ ಬಾರದು. ಡೇಟ್ ಎಂಬ ಪದ ಕಾದಿರಿಸಿದ್ದಾದುದರಿಂದ ತಾರೀಖಿಗೆ ಆ ಹೆಸರನ್ನೇ ಇಟ್ಟ ವಿದ್ಯಾರ್ಥಿಯನ್ನು ಕಂಪೈಲರ್ ಮೊದಲ ದಿನವೇ ತಡೆಯುವುದು.

ಕಿರುಗೆರೆಯ ವಿಷಯದಲ್ಲಿ ಎಚ್ಚರ ಬೇಕು. ಸೂತ್ರದ ರೂಪವೇ ಇಷ್ಟವಾದವರಿಗೆ ಕೋಬಾಲಿನಲ್ಲಿ ಕಂಪ್ಯೂಟ್ ಎಂಬ ಕ್ರಿಯಾಪದವಿದೆ: "ಕಂಪ್ಯೂಟ್ ಹೆಚ್ಚು-ಗಂಟೆ = ಗಂಟೆ - 48." ಇಲ್ಲಿ ಗೆರೆಯ ಎರಡೂ ಕಡೆ ತೆರಪು ಇರುವುದರಿಂದ ಅದು ವ್ಯವಕಲನದ ಚಿಹ್ನೆ. ತೆರಪನ್ನು ಬಿಡದೆ "ಗಂಟೆ-48" ಎಂದು ಬರೆದರೆ ಕಂಪೈಲರ್ ಅದನ್ನು ಒಂದೇ ಹೆಸರೆಂದು ತಿಳಿದು, ಅಂಥ ಹೆಸರನ್ನು ಎಲ್ಲಿಯೂ ವಿವರಿಸಿಲ್ಲವೆಂದು ದೂರುವುದು.

ಕ್ರಿಯಾಪದ ಮತ್ತು ವಿಭಕ್ತಿ

ಪ್ರೊಸೀಜರ್ ಡಿವಿಜನ್ನಿನ ಪ್ರತಿಯೊಂದು ಅಪ್ಪಣೆಯೂ ಕ್ರಿಯಾಪದದಿಂದ ಮೊದಲಾಗುವುದು. ಕನ್ನಡ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇವೆಲ್ಲ ವಿಧ್ಯರ್ಥದ ಕ್ರಿಯಾಪದಗಳು: ಕೂಡು, ಕಳೆ, ಗುಣಿಸು, ತೋರಿಸು. ಕರ್ತೃಪದವಾದ "ನೀನು", ಎಂದರೆ ಯಂತ್ರ, ಅಧ್ಯಾಹಾರವಾಗಿದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದು. ಕೋಬಾಲಿನಲ್ಲಿ ಅದು ಮೊದಲಿಗೇ ಬರಬೇಕು.

ಟು, ಫ್ರಮ್, ಬೈ ಎಂಬ ಚಿಕ್ಕ ಪದಗಳು ನಮ್ಮ ವಿಭಕ್ತಿ ಪ್ರತ್ಯಯಗಳ ಕೆಲಸವನ್ನು ಮಾಡುತ್ತವೆ. "ಆಡ್ ಹೆಚ್ಚು-ಕೂಲಿ ಟು ಕೂಲಿ" ಎಂದರೆ ಹೆಚ್ಚು-ಕೂಲಿಯನ್ನು ಕೂಲಿಗೆ ಕೂಡು: ಮೊದಲನೆಯದು ದ್ವಿತೀಯಾ, ಎರಡನೆಯದು ಚತುರ್ಥಿ. ಫ್ರಮ್ ಎಂಬುದು ಪಂಚಮಿಯಂತೆ, ಬೈ ಎಂಬುದು ತೃತೀಯೆಯಂತೆ. ಆದರೆ ಒಂದು ಮುಖ್ಯವಾದ ವ್ಯತ್ಯಾಸವಿದೆ. ಪ್ರತ್ಯಯವು ಪದಕ್ಕೆ ಅಂಟಿಕೊಂಡೇ ಇರುವುದರಿಂದ ಕನ್ನಡದಲ್ಲಿ "ನೂರನ್ನು ಕೂಲಿಗೆ ಕೂಡು" ಎಂದರೂ "ಕೂಲಿಗೆ ನೂರನ್ನು ಕೂಡು" ಎಂದರೂ ಅರ್ಥ ಕೆಡದು. ಕೋಬಾಲಿನಲ್ಲಿ ಸ್ಥಾನವೇ ಅರ್ಥವನ್ನು ನಿರ್ಣಯಿಸುವುದು. ಸ್ಥಾನ ಬದಲಾದರೆ ವಾಕ್ಯವೇ ಇಲ್ಲ.

ಫಲವು ಎಲ್ಲಿ ನಿಲ್ಲುವುದೆಂಬುದೂ ನಿಯಮಕ್ಕೆ ಸೇರಿದ್ದು. "ಆಡ್ ಹೆಚ್ಚು-ಕೂಲಿ ಟು ಕೂಲಿ" ಎಂದಾಗ ಮೊತ್ತವು ಕೂಲಿಯ ಜಾಗದಲ್ಲಿ ನಿಲ್ಲುವುದು. ಇದು ಸಹಜವೇ. ಆದರೆ ಗಿವಿಂಗ್ ಎಂಬುದನ್ನು ಬಿಟ್ಟು "ಮಲ್ಟಿಪ್ಲೈ ಗಂಟೆ ಬೈ ದರ" ಎಂದಷ್ಟೇ ಬರೆದರೆ? ಗಂಟೆಯನ್ನು ಗುಣಿಸೆಂದು ಹೇಳಿದ್ದೇವೆ, ಆದುದರಿಂದ ಫಲವು ಗಂಟೆಯ ಜಾಗಕ್ಕೆ ಬರುವುದೆಂದು ಇಂಗ್ಲಿಷ್ ಬಲ್ಲವರು ಊಹಿಸುವರು. ನಡೆಯುವುದು ಅದಕ್ಕೆ ವಿರುದ್ಧ. ನಿಯಮದ ಪ್ರಕಾರ ಫಲವು ಬೈ ಪದದ ಮುಂದಿನ ಹೆಸರಿಗೆ, ಎಂದರೆ ದರಕ್ಕೆ, ಸೇರತಕ್ಕದ್ದು. ದರದ ಜಾಗದಲ್ಲಿದ್ದ 60 ಅಳಿಸಿಹೋಗುವುದು. ಮುಂದಿನ ಕೆಲಸಗಾರನ ಲೆಕ್ಕಕ್ಕೆ ನಿಜವಾದ ದರವೇ ಉಳಿಯದು.

ಇನ್ನೊಂದು ನಿದರ್ಶನ ಮೂವ್ ಎಂಬ ಕ್ರಿಯಾಪದ. ಇಂಗ್ಲಿಷಿನಲ್ಲಿ ಅದಕ್ಕೆ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸುವುದೆಂದು ಅರ್ಥ. ಕುರ್ಚಿಯನ್ನು ಸರಿಸಿದರೆ ಅದು ಮೊದಲಿನ ಜಾಗದಲ್ಲಿ ಇರದು. ಕೋಬಾಲಿನಲ್ಲಿ "ಮೂವ್ ದರ ಟು ಹೊಸ-ದರ" ಎಂದರೆ ದರವು ಇದ್ದಲ್ಲಿಯೇ ಇರುವುದು. ಅದರ ನಕಲು ಮಾತ್ರ ಹೊಸ-ದರಕ್ಕೆ ಹೋಗುವುದು.

ಚಿತ್ರದ ಅಳತೆ

ಡೇಟಾ ಡಿವಿಜನ್ನಿನಲ್ಲಿ ಬರುವ ಪಿಕ್ಚರ್ ಎಂಬುದು ಹೆಸರೇ ಹೇಳುವಂತೆ ಒಂದು ಚಿತ್ರ. 9 ಎಂಬುದು ಒಂದು ಅಂಕಿಯ ಮನೆ. ಎಕ್ಸ್ ಎಂಬುದು ಯಾವುದೇ ಅಕ್ಷರದ ಮನೆ. ಎಸ್ ಎಂಬುದು ಧನ ಋಣ ಚಿಹ್ನೆಗೆ ಎಡೆ. ಪಿಕ್ಚರ್ 99 ಎಂದರೆ ಎರಡೇ ಅಂಕಿಗಳಿಗೆ ಸ್ಥಳ, ಚಿಹ್ನೆಗೆ ಸ್ಥಳವಿಲ್ಲ. ಮುಂದಿರುವ 01 ಎಂಬುದು ಮಟ್ಟದ ಸಂಖ್ಯೆ. ಒಂದು ದಾಖಲೆಯಲ್ಲಿ ಉಪವಿಭಾಗಗಳಿದ್ದರೆ ಅವಕ್ಕೆ 02, 05 ಮೊದಲಾದ ಹೆಚ್ಚಿನ ಸಂಖ್ಯೆಗಳನ್ನು ಕೊಡಬೇಕು.

ಮನೆಗಳು ಸಾಲದೆ ಹೋದರೆ ಯಂತ್ರವು ಹೊಸ ಮನೆ ಕಟ್ಟುವುದಿಲ್ಲ. ಒಂದು ಹೆಸರಿನಲ್ಲಿರುವ 3120 ಎಂಬ ಮೌಲ್ಯವನ್ನು ಪಿಕ್ಚರ್ 999 ಉಳ್ಳ ಇನ್ನೊಂದಕ್ಕೆ ಮೂವ್ ಮಾಡಿದರೆ ಎಡಗಡೆಯ ಅಂಕಿ ಬಿದ್ದುಹೋಗಿ 120 ಮಾತ್ರ ಉಳಿಯುವುದು. ಮೂರು ಸಾವಿರ ರೂಪಾಯಿ ಸದ್ದಿಲ್ಲದೆ ಮಾಯ!

ಇದರ ದೊಡ್ಡ ನಿದರ್ಶನವನ್ನು ಜಗತ್ತೇ ಕಂಡಿದೆ. ಯಂತ್ರದ ಸ್ಮರಣ ಸ್ಥಳ ಬಲು ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯನ್ನು ಪಿಕ್ಚರ್ 99 ಎಂದು ಬರೆದು, 1965ನ್ನು 65 ಎಂದು ಇಡುವ ರೂಢಿ ಬೆಳೆಯಿತು. 2000ದ ಇಸವಿ ಬಂದಾಗ ಅದು 00 ಆಗಬೇಕಾಯಿತು. 1965ರಲ್ಲಿ ಹುಟ್ಟಿದವರ ವಯಸ್ಸು ಆಗ 35. ಆದರೆ 00ಯಿಂದ 65ನ್ನು ಕಳೆದರೆ ಬರುವುದು ಋಣ 65. ವಯಸ್ಸಿನ ಚಿತ್ರದಲ್ಲಿ ಎಸ್ ಇಲ್ಲದಿದ್ದರೆ ಋಣ ಚಿಹ್ನೆಯೂ ಬಿದ್ದುಹೋಗಿ 65 ಎಂದೇ ಉಳಿಯುವುದು. ಮೂವತ್ತೈದರ ವ್ಯಕ್ತಿ ಕಾಗದದ ಮೇಲೆ ಅರವತ್ತೈದರವರಾದಂತಾಯಿತು! ಇಂಥ ಕೋಟ್ಯಂತರ ಸಾಲುಗಳನ್ನು 1990ರ ದಶಕದ ಕೊನೆಯಲ್ಲಿ ಹುಡುಕಿ ತಿದ್ದಬೇಕಾಯಿತು. ಬೆಂಗಳೂರಿನವೂ ಸೇರಿದಂತೆ ಭಾರತದ ತಂತ್ರಾಂಶ ಸಂಸ್ಥೆಗಳಿಗೆ ಈ ತಿದ್ದುವ ಕೆಲಸದ ಬಹುದೊಡ್ಡ ಪಾಲು ದೊರೆಯಿತು. ಕನ್ನಡ ನಾಡಿನ ಅನೇಕ ತರುಣ ತರುಣಿಯರು ಕೋಬಾಲ್ ಕಲಿತುದು ಆಗಲೇ.

ಪೂರ್ಣವಿರಾಮದ ಬೆಲೆ

ಕೋಬಾಲಿನಲ್ಲಿ ವಾಕ್ಯವು ಪೂರ್ಣವಿರಾಮದಿಂದ ಮುಗಿಯುವುದು. ಇಫ್ ಎಂದು ಮೊದಲಾದ ವಾಕ್ಯದಲ್ಲಿ ಪೂರ್ಣವಿರಾಮ ಬರುವ ತನಕ ಇರುವ ಅಪ್ಪಣೆಗಳೆಲ್ಲ ಆ ಷರತ್ತಿಗೆ ಒಳಪಟ್ಟಿರುತ್ತವೆ. ನಮ್ಮ ಉದಾಹರಣೆಯಲ್ಲಿ ಕಳೆಯುವುದು, ಗುಣಿಸುವುದು, ಕೂಡುವುದು ಎಂಬ ಮೂರು ಅಪ್ಪಣೆಗಳೂ ಷರತ್ತಿನ ಒಳಗಿವೆ. ಅವುಗಳನ್ನು ಒಳಕ್ಕೆ ಸರಿಸಿ ಬರೆದಿರುವುದು ನಮ್ಮ ಕಣ್ಣಿಗಾಗಿ. ಕಂಪೈಲರ್ ನೋಡುವುದು ಪೂರ್ಣವಿರಾಮವನ್ನು ಮಾತ್ರ.

ಮೊದಲ ಕೆಲಸಗಾರ 52 ಗಂಟೆ ದುಡಿದನೆಂದಿಟ್ಟುಕೊಳ್ಳೋಣ. 52ನ್ನು 60ರಿಂದ ಗುಣಿಸಿದರೆ 3120. ಮೀರಿದ 4 ಗಂಟೆಗಳಿಗೆ 240 ಸೇರಿ ಒಟ್ಟು 3360 ರೂಪಾಯಿ. ಎರಡನೆಯವನು 40 ಗಂಟೆ ದುಡಿದಿದ್ದಾನೆ. ಅವನಿಗೆ ಸಲ್ಲತಕ್ಕದ್ದು 2400. ಕ್ರಮವಿಧಿಯೂ ಇದನ್ನೇ ಕೊಡುವುದು.

ಈಗ "ಗಿವಿಂಗ್ ಹೆಚ್ಚು-ಕೂಲಿ" ಎಂಬ ಸಾಲಿನ ಕೊನೆಯಲ್ಲಿ ಅಕಸ್ಮಾತ್ತಾಗಿ ಒಂದು ಪೂರ್ಣವಿರಾಮ ಬಿದ್ದಿತೆಂದು ಭಾವಿಸೋಣ. ಷರತ್ತು ಅಲ್ಲಿಗೇ ಮುಗಿಯಿತು. ಅದರ ಮುಂದಿನ "ಆಡ್ ಹೆಚ್ಚು-ಕೂಲಿ ಟು ಕೂಲಿ" ಎಂಬುದು ಸ್ವತಂತ್ರ ವಾಕ್ಯವಾಗಿ ಎಲ್ಲರಿಗೂ ಅನ್ವಯಿಸುವುದು. ಮೊದಲನೆಯವನ ಲೆಕ್ಕ ಆಗಲೂ 3360 ಎಂದೇ ಬರುವುದರಿಂದ ಪರೀಕ್ಷಿಸಿದವರಿಗೆ ಏನೂ ಸಂಶಯ ತೋರದು. ಎರಡನೆಯವನ ಸರದಿಯಲ್ಲಿ ಷರತ್ತಿನ ಒಳಗಿನ ಲೆಕ್ಕ ನಡೆಯದು. ಆದರೆ ಹೆಚ್ಚು-ಕೂಲಿ ಎಂಬ ಜಾಗದಲ್ಲಿ ಮೊದಲನೆಯವನ 240 ಇನ್ನೂ ಕುಳಿತೇ ಇದೆ. ಅದು ಇವನ ಕೂಲಿಗೆ ಸೇರಿ 2640 ಆಗುವುದು. ಒಬ್ಬನ ಬೆವರಿನ ಹಣ ಇನ್ನೊಬ್ಬನ ಪಟ್ಟಿಯಲ್ಲಿ ಎರಡನೆಯ ಸಲ ಕಾಣಿಸಿಕೊಂಡಿತು. ಯಂತ್ರ ನಿಲ್ಲಲಿಲ್ಲ, ಕಂಪೈಲರ್ ದೂರಲಿಲ್ಲ. ಏಕೆಂದರೆ ವ್ಯಾಕರಣದ ದೃಷ್ಟಿಯಿಂದ ತಪ್ಪೇ ಇಲ್ಲ.

ಬರೆಯುವ ಅಂಕಣಗಳೂ ಇದೇ ಬಗೆಯ ಎಚ್ಚರವನ್ನು ಬೇಡುತ್ತಿದ್ದವು. ಹಿಂದೆ ಒಂದೊಂದು ಸಾಲನ್ನೂ 80 ಅಂಕಣಗಳ ರಟ್ಟಿನ ಕಾರ್ಡಿನ ಮೇಲೆ ತೂತು ಕೊರೆದು ಯಂತ್ರಕ್ಕೆ ಕೊಡುತ್ತಿದ್ದರು. ಮೊದಲ 6 ಅಂಕಣಗಳು ಸಾಲಿನ ಕ್ರಮಸಂಖ್ಯೆಗೆ. 7ನೆಯದು ವಿಶೇಷ ಗುರುತಿಗೆ. ಡಿವಿಜನ್ ಮತ್ತು ಪ್ಯಾರಾಗ್ರಾಫುಗಳ ಹೆಸರು 8ರಿಂದ. ಅಪ್ಪಣೆಗಳು 12ರಿಂದ 72ರ ವರೆಗೆ. 72ರಿಂದಾಚೆ ಬರೆದುದನ್ನು ಕಂಪೈಲರ್ ನೋಡುತ್ತಲೇ ಇರಲಿಲ್ಲ. 73ನೆಯ ಅಂಕಣದಲ್ಲಿ ಬಿದ್ದ ಪೂರ್ಣವಿರಾಮ ಮನುಷ್ಯರ ಕಣ್ಣಿಗೆ ಕಾಣುತ್ತಿದ್ದರೂ ಲೆಕ್ಕಕ್ಕೆ ಇಲ್ಲವಾಗಿತ್ತು. ಅಂಕಣಗಳ ಕಟ್ಟಿಲ್ಲದೆ ಬರೆಯಲು 2002ರ ಪ್ರಮಾಣ ಅವಕಾಶ ಕೊಟ್ಟಿತು. ಅದಕ್ಕೆ ಮುಂಚೆಯೇ, 1985ರ ಪ್ರಮಾಣದಲ್ಲಿ, ಷರತ್ತಿನ ಕೊನೆಯನ್ನು ಸ್ಪಷ್ಟವಾಗಿ ಸೂಚಿಸಲು ಎಂಡ್-ಇಫ್ ಎಂಬ ಪದವನ್ನು ಸೇರಿಸಲಾಗಿತ್ತು. ಹೊಸದಾಗಿ ಕಲಿಯುವವರು ಇದನ್ನೇ ಬಳಸುವುದು ಕ್ಷೇಮ.

"ಅಲ್ಲ" ಮತ್ತು "ಅಥವಾ"

ಕೊನೆಯದಾಗಿ, ಇಂಗ್ಲಿಷಿನ ಹೋಲಿಕೆ ಅತ್ಯಂತ ಸೂಕ್ಷ್ಮವಾಗಿ ಮೋಸಗೊಳಿಸುವ ಎಡೆಯೊಂದನ್ನು ನೋಡೋಣ. ವಾರದ ದಿನಗಳಿಗೆ 1ರಿಂದ 7ರ ವರೆಗೆ ಸಂಖ್ಯೆ ಕೊಟ್ಟು, ಶನಿವಾರ 6, ಭಾನುವಾರ 7 ಎಂದಿರಲಿ. "ಇಫ್ ದಿನ ಈಸ್ ಈಕ್ವಲ್ ಟು 6 ಆರ್ 7" ಎಂದು ಬರೆಯಲು ಕೋಬಾಲ್ ಅನುಮತಿಸುವುದು. ಎರಡನೆಯ ಸಲ "ದಿನ ಈಸ್ ಈಕ್ವಲ್ ಟು" ಎಂದು ಹೇಳಬೇಕಾಗಿಲ್ಲ. ಇದು ಮಾತಿನಂತೆಯೇ ಇದೆ, ಅರ್ಥವೂ ಸರಿಯಾಗಿದೆ.

ಈಗ ರಜೆಯಲ್ಲದ ದಿನಗಳನ್ನು ಆರಿಸಲು "ಇಫ್ ದಿನ ಈಸ್ ನಾಟ್ ಈಕ್ವಲ್ ಟು 6 ಆರ್ 7" ಎಂದು ಬರೆದರೆ? ದಿನವು 6 ಅಥವಾ 7 ಅಲ್ಲದಿದ್ದರೆ ಎಂದು ಹೇಳಿದಾಗ ಎರಡೂ ಅಲ್ಲವೆಂದು ನಾವು ಗ್ರಹಿಸುವೆವು. ಕಂಪೈಲರ್ ಇದನ್ನು ವಿಸ್ತರಿಸುವುದು ಹೀಗೆ: ದಿನವು 6ಕ್ಕೆ ಸಮವಲ್ಲ, ಅಥವಾ ದಿನವು 7ಕ್ಕೆ ಸಮವಲ್ಲ. ಭಾನುವಾರವನ್ನು ಪರೀಕ್ಷಿಸಿ ನೋಡಿ. 7 ಎಂಬುದು 6ಕ್ಕೆ ಸಮವಲ್ಲ. ಆದುದರಿಂದ ಷರತ್ತು ನಿಜ. ಶನಿವಾರ 7ಕ್ಕೆ ಸಮವಲ್ಲ, ಅದೂ ನಿಜ. ವಾರದ ಏಳು ದಿನಗಳಿಗೂ ಈ ಷರತ್ತು ನಿಜವೇ ಆಗುವುದರಿಂದ ಅದು ಯಾವುದನ್ನೂ ಆರಿಸುವುದಿಲ್ಲ.

ಇದಕ್ಕೆ ಪರಿಹಾರವೂ ಭಾಷೆಯಲ್ಲಿಯೇ ಇದೆ. ಆರ್ ಎಂಬುದರ ಬದಲು ಆ್ಯಂಡ್ ಬಳಸಬಹುದು. ಅದಕ್ಕಿಂತ ಒಳ್ಳೆಯ ಉಪಾಯ 88 ಎಂಬ ವಿಶೇಷ ಮಟ್ಟದ ಸಂಖ್ಯೆ. ಡೇಟಾ ಡಿವಿಜನ್ನಿನಲ್ಲಿ ದಿನ ಎಂಬ ಹೆಸರಿನ ಕೆಳಗೆ "88 ರಜೆ ವ್ಯಾಲ್ಯೂ 6 7." ಎಂದು ಬರೆದರೆ, ದಿನವು 6 ಅಥವಾ 7 ಆಗಿರುವ ಸ್ಥಿತಿಗೆ ರಜೆ ಎಂದು ಹೆಸರಿಟ್ಟಂತಾಯಿತು. ಆಮೇಲೆ "ಇಫ್ ನಾಟ್ ರಜೆ" ಎಂದರೆ ಸಾಕು. ಓದಲೂ ಸುಲಭ, ಅರ್ಥವೂ ನಿಶ್ಚಿತ.

ಈ ಭಾಷೆಯನ್ನು ಕಲಿಯುವುದೇಕೆ?

ಇಷ್ಟು ತೊಡಕುಗಳಿದ್ದ ಮೇಲೆ ಇಂಗ್ಲಿಷಿನಂತೆ ಕಾಣಿಸುವ ಶ್ರಮವಾದರೂ ಏಕೆ ಎಂದು ಕೇಳಬಹುದು. ಅದರ ಪ್ರಯೋಜನ ಬರೆಯುವವರಿಗಿಂತ ಹೆಚ್ಚಾಗಿ ಮುಂದೆ ಓದುವವರಿಗೆ. ಕೋಬಾಲ್ ಕ್ರಮವಿಧಿಗಳು ಬರೆದವರು ನಿವೃತ್ತರಾದ ಮೇಲೂ ದಶಕಗಳ ಕಾಲ ಬ್ಯಾಂಕು, ವಿಮಾ ಕಂಪನಿ, ಸರ್ಕಾರಿ ಕಚೇರಿಗಳಲ್ಲಿ ದುಡಿಯುತ್ತ ಬಂದಿವೆ. 2020ರ ಏಪ್ರಿಲ್‌ನಲ್ಲಿ ಕೊರೋನಾ ಪಿಡುಗಿನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಪ್ರವಾಹದಂತೆ ಬಂದವು. ನಿರುದ್ಯೋಗ ಭತ್ಯೆಯ ಹಳೆಯ ಗಣಕ ವ್ಯವಸ್ಥೆಯನ್ನು ನಿಭಾಯಿಸಲು ಕೋಬಾಲ್ ಬಲ್ಲವರು ಸ್ವಯಂಸೇವಕರಾಗಿ ಮುಂದೆ ಬರಬೇಕೆಂದು ಗವರ್ನರ್ ಫಿಲ್ ಮರ್ಫಿ ಬಹಿರಂಗವಾಗಿ ಕೇಳಿಕೊಂಡರು. ಆ ವ್ಯವಸ್ಥೆಯ ಸಾಲುಗಳನ್ನು ಓದಿ ತಿಳಿಯಬಲ್ಲವರ ಅಗತ್ಯ ಅಷ್ಟರ ಮಟ್ಟಿಗೆ ಇದ್ದಿತು.

ಇಂದು ಸಾಮಾನ್ಯ ಮಾತಿನಲ್ಲಿ ಕೇಳಿದರೆ ಕ್ರಮವಿಧಿಯನ್ನು ತಾನೇ ಬರೆದುಕೊಡುವ ಕೃತಕ ಬುದ್ಧಿಯ ಸಾಧನಗಳು ಬಂದಿವೆ, ಕನ್ನಡದಲ್ಲಿಯೂ ಕೇಳಬಹುದು. ಹಾಗೆಂದು ಮೇಲಿನ ಪಾಠ ಹಳತಾಗಲಿಲ್ಲ. ನಾವು ಹೇಳಿದುದಕ್ಕೂ ಯಂತ್ರವು ಮಾಡುವುದಕ್ಕೂ ನಡುವೆ ಅಂತರ ಉಳಿದಿದೆಯೇ ಎಂಬುದನ್ನು ಕೊನೆಗೆ ಯಾರಾದರೂ ಕೂತು, ಒಂದೊಂದು ಸಾಲನ್ನೂ ನಿಯಮದ ಪ್ರಕಾರ ಓದಿ, ಸಂಖ್ಯೆಗಳನ್ನು ಹಾಕಿ ಪರೀಕ್ಷಿಸಲೇಬೇಕು. ಓದಲು ಸುಲಭವಾದ ವಾಕ್ಯವನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವ ಚಪಲ ಇನ್ನೂ ಹೆಚ್ಚು.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಗ್ನೂಕೋಬಾಲ್ ಎಂಬ ಉಚಿತ ಕಂಪೈಲರನ್ನು ಪಡೆದು ಮೇಲಿನ ಕ್ರಮವಿಧಿಯನ್ನು ಓಡಿಸಿ ನೋಡಬಹುದು. ಗಣಕವಿಲ್ಲದವರಿಗೆ ಕಾಗದವೂ ಸೀಸದಕಡ್ಡಿಯೂ ಸಾಕು. "2 ಟೈಮ್ಸ್" ಎಂಬುದನ್ನು "4 ಟೈಮ್ಸ್" ಎಂದು ಬದಲಿಸಿ, ನಾಲ್ವರು ಕೆಲಸಗಾರರು ಕ್ರಮವಾಗಿ 52, 40, 50 ಮತ್ತು 45 ಗಂಟೆ ದುಡಿದರೆಂದು ಇಟ್ಟುಕೊಳ್ಳಿ. ಮೊದಲು ಸರಿಯಾದ ಕ್ರಮವಿಧಿಯಂತೆ, ಬಳಿಕ ಆ ಒಂದು ಪೂರ್ಣವಿರಾಮ ಹೆಚ್ಚಾಗಿ ಬಿದ್ದ ಕ್ರಮವಿಧಿಯಂತೆ, ನಾಲ್ವರ ಕೂಲಿಯನ್ನೂ ಲೆಕ್ಕ ಹಾಕಿ. ಪ್ರತಿ ಹೆಜ್ಜೆಯಲ್ಲಿಯೂ ಹೆಚ್ಚು-ಕೂಲಿ ಎಂಬ ಜಾಗದಲ್ಲಿ ಯಾವ ಸಂಖ್ಯೆ ಇದೆಯೆಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದನ್ನು ಮರೆಯಬೇಡಿ. ಯಾರಿಗೆ ಎಷ್ಟು ರೂಪಾಯಿ ಹೆಚ್ಚಾಗಿ ಹೋಯಿತೆಂದು ಆಗ ನಿಮಗೇ ತಿಳಿಯುವುದು.